ಕಿರಕೋಳ, ಕಿರುಕುಳ

ಹಳೇ ಹುಬ್ಬಳ್ಳಿಯ ಒಂದು ಮನೆಯ ಪಡಸಾಲೆ. ಗಂಡಿನ ಕಡೆಯವರು ನಾಲ್ಕು ಮಂದಿ, ಹೆಣ್ಣಿನ ಕಡೆಯವರು ಮೂರು ಮಂದಿ, ನಡುವೆ ಇಬ್ಬರು ಹಿರಿಯರು. ದೂರದ ಬೀಗಸ್ತನದ ಲೆಕ್ಕದಲ್ಲಿ ನಾನೂ ಬಾಗಿಲ ಪಕ್ಕ ಕೂತಿದ್ದೆ. ಹುಡುಗಿ ತಲೆ ಎತ್ತದೆ ಹೇಳುತ್ತಿದ್ದಳು: “ಪಗಾರ ಆದ ದಿನಾನ ಕಾರ್ಡ್ ಕಸ್ಕೋತಾರ್ರಿ ಕಾಕಾ. ಅವ್ವಗ ಫೋನ್ ಹಚ್ಚಿದ್ರ ಸ್ಪೀಕರಿಗೆ ಹಾಕು ಅಂತಾರ. ಸಾರಿಗೆ ಉಪ್ಪು ಹೆಚ್ಚಾತಂತ ತಾಟು ಒಗದ್ರು. ಮೊನ್ನೆ ಕೂದಲಾ ಹಿಡದು ಗ್ವಾಡಿಗೆ ಬಡದ್ರು.”

ಎಲೆಗೆ ಸುಣ್ಣ ಹಚ್ಚುತ್ತಿದ್ದ ಹಿರಿಯರೊಬ್ಬರು ಅಂದರು: “ಇವೆಲ್ಲಾ ಕಿರಕೋಳ ಮಾತು ತಂಗಿ. ಸಂಸಾರದಾಗ ಇರೂವ.”

ವಾರ ಕಳೆಯುವಷ್ಟರಲ್ಲಿ ಅದೇ ಹುಡುಗಿಯ ಪರವಾಗಿ ಒಂದು ದೂರು ತಯಾರಾಯಿತು. ಅದರ ಮೊದಲ ಸಾಲಿನಲ್ಲೇ ಇತ್ತು: ‘ಮಾನಸಿಕ ಹಾಗೂ ದೈಹಿಕ ಕಿರುಕುಳ’.

ಪಡಸಾಲೆಯಲ್ಲಿ ಕಿರಕೋಳ, ಕಾಗದದ ಮೇಲೆ ಕಿರುಕುಳ. ಎರಡೂ ಒಂದೇ ಬೇರಿನ ಮಾತು. ಒಂದು ಹುಡುಗಿಯ ನೋವನ್ನು ತಳ್ಳಿಹಾಕಿತು, ಇನ್ನೊಂದು ಎತ್ತಿ ಹಿಡಿಯಿತು. ಅಂದಿನಿಂದ ಈ ಮಾತು ನನ್ನ ಬೆನ್ನು ಬಿಟ್ಟಿಲ್ಲ.

ಬೇರಿನಿಂದಲೇ ಹೊರಡೋಣ. ಕಿರಿಯ, ಕಿರಿದು, ಕಿರುಬೆರಳು, ಕಿರುನಗೆ ಇವುಗಳಲ್ಲಿರುವ ‘ಕಿರು’ ಹಳಗನ್ನಡದಲ್ಲಿ ‘ಕಿಱು’; ಈಗ ಬರವಣಿಗೆಯಿಂದ ಮರೆಯಾದ ‘ಱ’ ಎಂಬ ಶಕಟರೇಫದ್ದು. ಅರ್ಥ: ಸಣ್ಣದು. ತಮಿಳಿನಲ್ಲಿ ಇದೇ ‘ಸಿಱು’, ತೆಲುಗಿನಲ್ಲಿ ‘ಚಿರು’. ಅಕ್ಕತಂಗಿ ಭಾಷೆಗಳಲ್ಲಿ ಮೊದಲಿನ ಕಕಾರ ಮೆತ್ತಗಾಗಿ ಸ-ಚಗಳಾದಾಗಲೂ ಕನ್ನಡ ಅದನ್ನು ಬಿಡಲಿಲ್ಲ. ನಮ್ಮ ಕಿವಿ ತಮಿಳರಿಗೆ ‘ಸೆವಿ’, ತೆಲುಗರಿಗೆ ‘ಚೆವಿ’ ಆದದ್ದೂ ಹೀಗೆಯೇ. ಈ ಕಿಱುವಿನ ಬೆನ್ನಿಗೆ ‘ಕುಳ’ ಸೇರಿ ಆದದ್ದು ಕಿಱುಕುಳ: ಅಲ್ಪವಾದದ್ದು, ಕ್ಷುದ್ರವಾದದ್ದು, ಲೆಕ್ಕಕ್ಕೆ ಬಾರದ್ದು. ಹಳೆಯ ಅರ್ಥ ಇಷ್ಟೇ. ಅದರಲ್ಲಿ ಹೊಡೆತವಿಲ್ಲ, ಕಣ್ಣೀರಿಲ್ಲ.

‘ಕಿರಿಕಿರಿ’ಯನ್ನೂ ಇದೇ ಮನೆತನಕ್ಕೆ ಸೇರಿಸುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಅದು ಸದ್ದಿನಿಂದ ಹುಟ್ಟಿದ ಅನುಕರಣ ಶಬ್ದ; ನೆಂಟಸ್ತನವಿಲ್ಲ, ನೆರೆಮನೆಯ ಪರಿಚಯ ಮಾತ್ರ.

ಮುಂದೆ ಕಿಱುಕುಳದ ಸಂಸಾರ ಎರಡು ಪಾಲಾಯಿತು. ಒಂದು ಪಾಲು ಗಡಿ ದಾಟಿ ಮರಾಠಿಗೆ ಹೋಗಿ ‘ಕಿರಕೋಳ’ ಆಯಿತು. ಮರಾಠಿ ಮಾತಿನ ಕೆಳಗೆ ಕನ್ನಡದ ಬೇರು ಹುಡುಕುತ್ತ ಧಾರವಾಡದಲ್ಲಿ ಆಯುಷ್ಯ ಕಳೆದ ಶಂ.ಬಾ. ಜೋಶಿಯವರಂಥವರಿಗೆ ಪ್ರಿಯವಾಗುವ ಬಗೆಯ ಪಯಣ ಇದು. ಮರಾಠಿಯಲ್ಲಿ ಬಿಡಿ ಮಾರಾಟ ‘ಕಿರಕೋಳ ವಿಕ್ರಿ’. ಸಣ್ಣಪುಟ್ಟ ಗಾಯವಾದವನು ‘ಕಿರಕೋಳ ಜಖಮಿ’. ಮುಂಬೈ ಪ್ರಾಂತದ ನಂಟಿನಲ್ಲಿ ಬೆಳೆದ ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ಈ ಮಾತು ಅಂಗಡಿಯ ಚೀಟಿ ಹಿಡಿದುಕೊಂಡು ತವರಿಗೆ ಮರಳಿತು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂತೆ ಮುಗಿಸಿ ಬಂದ ನಮ್ಮಜ್ಜಿ ಬರೆಸುತ್ತಿದ್ದ ಖರ್ಚಿನ ಪಟ್ಟಿಯಲ್ಲಿ ಅಕ್ಕಿ, ಬೆಲ್ಲ, ಎಣ್ಣೆ ಎಲ್ಲ ಆದಮೇಲೆ ಕೊನೆಯ ಸಾಲು ಯಾವತ್ತೂ ‘ಕಿರಕೋಳ’. ಸೂಜಿ, ದಾರ, ಕಡ್ಡಿಪೆಟ್ಟಿಗೆ, ಮೊಮ್ಮಕ್ಕಳ ಪೆಪ್ಪರಮಿಂಟು ಎಲ್ಲ ಅದರೊಳಗೆ.

ಇನ್ನೊಂದು ಪಾಲು ಕನ್ನಡದಲ್ಲೇ ಉಳಿದು ಬೇರೆ ದಾರಿ ಹಿಡಿಯಿತು. ಅಲ್ಪವಾದದ್ದು ಅಲ್ಪ ತೊಂದರೆಯಾಯಿತು, ಅಲ್ಪ ತೊಂದರೆ ಬಿಡದ ತೊಂದರೆಯಾಯಿತು, ಬಿಡದ ತೊಂದರೆ ಹಿಂಸೆಯಾಯಿತು. ಸಣ್ಣದು ಹಿಂಸೆಯಾಗುವುದು ಹೇಗೆ ಎಂದು ಜೋಳದ ನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ತುತ್ತಿನಲ್ಲಿ ಒಂದು ಹರಳು ಸಿಕ್ಕರೆ ಉಗುಳಿ ಉಣ್ಣಬಹುದು. ಹಿಟ್ಟಿನಲ್ಲೇ ಉಸುಕು ಕೂಡಿದರೆ ಪ್ರತಿ ರೊಟ್ಟಿ, ಪ್ರತಿ ತುತ್ತು, ದಿನಾ ಅದೇ. ಯಾವ ಕಣವನ್ನೂ ಬೊಟ್ಟು ಮಾಡಿ ‘ಇದೇ’ ಎಂದು ತೋರಿಸಲಾಗುವುದಿಲ್ಲ.

ಇಂದು ಗಡಿಯ ಆಚೆ ಈಚೆಯ ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಈ ಒಡಕು ಕಣ್ಣಿಗೆ ರಾಚುತ್ತದೆ. ಗಂಡ ಹೆಂಡತಿಯನ್ನು ಕೊಂದ ಸುದ್ದಿಗೆ ಮರಾಠಿಯಲ್ಲಿ ‘ಕಿರಕೋಳ ಕಾರಣಾವರೂನ್’ ಎಂಬ ತಲೆಬರಹ ಮಾಮೂಲು. ನಮ್ಮಲ್ಲಿ ಅದು ‘ಕ್ಷುಲ್ಲಕ ಕಾರಣಕ್ಕೆ’. ಕ್ಷುಲ್ಲಕ ಎಂದರೂ ಸಂಸ್ಕೃತದಲ್ಲಿ ಸಣ್ಣದೇ. ಸಾರಿನ ಉಪ್ಪು ನೆಪ. ಅದರ ಹಿಂದೆ ಹತ್ತು ವರ್ಷಗಳ ಕಿರುಕುಳ ಇರುತ್ತದೆ. ತಲೆಬರಹ ಕೊನೆಯ ಕಣವನ್ನು ಹೆಕ್ಕಿ ತೋರಿಸಿ, ಹಿಟ್ಟನ್ನು ಮರೆಸುತ್ತದೆ. ‘ಗಂಡಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ಗಾದೆ ಮಾಡುವುದೂ ಇದನ್ನೇ. ಉಣ್ಣುವ ತಾಟೇ ಹಾರಿಹೋದ ಮನೆಗೆ ಆ ಗಾದೆಯಲ್ಲಿ ಜಾಗವಿಲ್ಲ.

ಹಾಗಾದರೆ ಅನುಭವಿಸುವವಳು ಏನನ್ನುತ್ತಾಳೆ? ನಮ್ಮ ಕಡೆಯ ಹೆಣ್ಣುಮಗಳ ಬಾಯಲ್ಲಿ ಕಿರುಕುಳ ಬರುವುದು ಅಪರೂಪ. ಅದು ಠಾಣೆಯ ಮಾತು, ಪೇಪರಿನ ಮಾತು. ಆಕೆ ‘ಕಾಟ’ ಎನ್ನುತ್ತಾಳೆ. ಆಡು ಆಟವಾದಂತೆ, ನೋಡು ನೋಟವಾದಂತೆ, ಕಾಡು ಕಾಟವಾಯಿತು. ದೆವ್ವಕ್ಕೂ ಅದೇ ಕ್ರಿಯಾಪದ, ಅತ್ತೆಗೂ ಅದೇ. ಅದಕ್ಕಿಂತ ಹೆಚ್ಚಾಗಿ ಆಕೆ ‘ತ್ರಾಸ’ ಎನ್ನುತ್ತಾಳೆ: “ಭಾಳ ತ್ರಾಸ ಕೊಡ್ತಾರ್ರಿ.” ಧಾರವಾಡದಲ್ಲಿ ಮಂಡಿನೋವೂ ತ್ರಾಸ, ಬಸ್ಸು ಸಿಗದಿದ್ದರೂ ತ್ರಾಸ, ಆದ್ದರಿಂದ ಕೇಳುವವರು ಹಗುರಾಗಿ ಕೇಳುತ್ತಾರೆ. ಸಂಸ್ಕೃತದಲ್ಲಿ ತ್ರಾಸ ಎಂದರೆ ಭಯ, ನಡುಕ. ಗೇಟಿನ ಹತ್ತಿರ ಬೈಕಿನ ಸದ್ದು ಕೇಳಿದೊಡನೆ ಎದೆ ಡವಗುಟ್ಟುವ ಹೆಂಗಸು ‘ತ್ರಾಸ’ ಅಂದಾಗ, ತನಗೆ ಗೊತ್ತಿಲ್ಲದೆಯೇ ಮೂಲದ ಅರ್ಥವನ್ನೇ ಆಡುತ್ತಿರುತ್ತಾಳೆ.

ಕಾನೂನಿಗೂ ತನ್ನ ಶಬ್ದ ಹುಡುಕಲು ಹೊತ್ತು ಹಿಡಿಯಿತು. 1983ರಲ್ಲಿ ದಂಡಸಂಹಿತೆಗೆ 498ಎ ಕಲಂ ಸೇರಿದಾಗ ಆರಿಸಿಕೊಂಡದ್ದು ‘ಕ್ರೌರ್ಯ’. ಕ್ರೂರ ಎಂಬುದು ಹಸಿಮಾಂಸವನ್ನು ಹೇಳುವ ‘ಕ್ರವ್ಯ’ದ ರಕ್ತಸಂಬಂಧಿ, ಅದರ ಹಳೆಯ ಅರ್ಥದಲ್ಲೇ ನೆತ್ತರಿದೆ. ಕಲಮಿನ ವಿವರಣೆಯಲ್ಲಿ ಮನಸ್ಸಿನ ಆರೋಗ್ಯಕ್ಕೆ ಆಗುವ ಅಪಾಯವೂ, ಆಸ್ತಿಪಾಸ್ತಿಗಾಗಿ ಕೊಡುವ ಕಿರುಕುಳವೂ ಸೇರಿದ್ದವು. ಆದರೂ ಶಬ್ದದ ಗುಣವೋ ಏನೋ, ಕೇಳುವವರ ಕಣ್ಣು ಮೊದಲು ಗಾಯ ಹುಡುಕುತ್ತಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ. ಶಿಕ್ಷೆ ಮೊದಲಿನಷ್ಟೇ: ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ.

ಇನ್ನೊಂದು ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ ಕನ್ನಡ ಹೆಸರಿನಲ್ಲಿರುವುದು ‘ಕೌಟುಂಬಿಕ ದೌರ್ಜನ್ಯ’. ದುರ್ಜನನ ಗುಣ ದೌರ್ಜನ್ಯ. ಇದು ನನಗೆ ಅಷ್ಟು ಒಪ್ಪಿಗೆಯಾಗದ ಶಬ್ದ. ಓಣಿಗೆಲ್ಲ ಸಜ್ಜನನಾಗಿದ್ದು, ಬಾಗಿಲು ಮುಚ್ಚಿದ ಮೇಲೆ ಕೈ ಎತ್ತುವವನನ್ನು ಅದು ಹಿಡಿಯುವುದಿಲ್ಲ. ಆದರೆ ಹೆಸರು ಏನೇ ಇರಲಿ, ಕಾಯ್ದೆಯ ಮೂರನೇ ಕಲಂ ಕಿರುಕುಳದ ಅರ್ಥವನ್ನು ಚೆನ್ನಾಗಿ ಬಲ್ಲದು. ಹೊಡೆತ ಮತ್ತು ಲೈಂಗಿಕ ಹಿಂಸೆಯ ಜೊತೆಗೆ ಅಲ್ಲಿ ಮಾತಿನ ಹಿಂಸೆ, ದುಡ್ಡಿನ ಹಿಂಸೆ ಎಂಬ ಎರಡು ಬಗೆ ಇವೆ. ಮಗುವಾಗಲಿಲ್ಲವೆಂದು, ಗಂಡು ಹುಟ್ಟಲಿಲ್ಲವೆಂದು ಹೀಯಾಳಿಸುವುದು, ಮನೆಖರ್ಚಿಗೆ ಕಾಸು ಕೊಡದಿರುವುದು, ಸ್ತ್ರೀಧನ ಕಸಿದುಕೊಳ್ಳುವುದು ಎಲ್ಲ ಅದರೊಳಗೆ. ಕೊನೆಗೆ ಒಂದು ಮಾತು: ಹಿಂಸೆ ನಡೆದಿದೆಯೇ ಎಂದು ತೀರ್ಮಾನಿಸುವಾಗ ಒಟ್ಟು ಸಂಗತಿಗಳನ್ನು ನೋಡಬೇಕು. ಅಂದರೆ ಬಿಡಿ ಬಿಡಿ ಕಿರಕೋಳಗಳನ್ನು ಕೂಡಿಸಿ ಮೊತ್ತ ಹಾಕಬೇಕು.

ಮೊತ್ತ ಹಾಕುವುದು ಯಾರ ಹತ್ತಿರ? ರಾತ್ರೋರಾತ್ರಿ ಪ್ರಾಣಕ್ಕೆ ಬಂದರೆ ತುರ್ತು ಕರೆ 112. ಮಾತಾಡಬೇಕು, ದಾರಿ ಕೇಳಬೇಕು ಎಂದರೆ ಮಹಿಳಾ ಸಹಾಯವಾಣಿ 181. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕರ್ನಾಟಕದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ನೊಂದವಳು ಹೇಳಿದ್ದನ್ನು ಬರೆದು ಮ್ಯಾಜಿಸ್ಟ್ರೇಟರಿಗೆ ತಲುಪಿಸುವುದು ಅವರ ಕೆಲಸ. ವೈದ್ಯರು, ಪೊಲೀಸರು, ಆಪ್ತಸಲಹೆ, ವಕೀಲರು ಒಂದೇ ಕಡೆ ಸಿಗಲೆಂದು ‘ಸಖಿ’ ಕೇಂದ್ರಗಳು 2015ರಿಂದ ಬಂದಿವೆ. ರಾಜ್ಯದ ‘ಸಾಂತ್ವನ’ ಕೇಂದ್ರಗಳು ಅದಕ್ಕಿಂತ ಹಳೆಯವು. ವಕೀಲರ ಫೀ ಚಿಂತೆ ಬೇಡ: ಆದಾಯ ಎಷ್ಟೇ ಇರಲಿ, ಮಹಿಳೆಗೆ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ, ದೂರವಾಣಿ 15100. ಆಸ್ಪತ್ರೆಗೆ ಹೋದಾಗ “ಬಚ್ಚಲದಾಗ ಜಾರಿ ಬಿದ್ದೆ” ಎನ್ನದೆ ಆದದ್ದನ್ನು ಆದಂತೆ ಹೇಳಿದರೆ, ಡಾಕ್ಟರು ಬರೆಯುವ ಚೀಟಿಯೇ ಮುಂದೆ ಸಾಕ್ಷಿ.

ಬಹಳ ಮಂದಿ ತಡೆದು ನಿಲ್ಲುವುದು ಒಂದು ತಪ್ಪು ತಿಳಿವಳಿಕೆಯಿಂದ: ದೂರು ಕೊಟ್ಟರೆ ಸಂಸಾರ ಮುರಿದಂತೆ ಎಂದು. ಈ ಕಾಯ್ದೆಯಡಿ ಪರಿಹಾರ ಕೇಳಲು ವಿಚ್ಛೇದನದ ಸೋಡಚೀಟಿ ಬೇಕಿಲ್ಲ. ಹೊಡೆಯಕೂಡದು ಎಂಬ ರಕ್ಷಣಾ ಆದೇಶ, ಮನೆಯಿಂದ ಹೊರಹಾಕಕೂಡದು ಎಂಬ ವಾಸದ ಆದೇಶ, ಖರ್ಚಿಗೆ ದುಡ್ಡು, ಮಕ್ಕಳ ತಾತ್ಕಾಲಿಕ ಪಾಲನೆ ಎಲ್ಲವನ್ನೂ ಕೇಳಬಹುದು. ಮನೆ ಅತ್ತೆ-ಮಾವನ ಹೆಸರಿನಲ್ಲಿದ್ದರೂ ಸೊಸೆ ತಾನು ಬಾಳುವೆ ಮಾಡಿದ ಮನೆಯಲ್ಲಿ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಪುಣೆಗೋ ಸಾಂಗಲಿಗೋ ಕೊಟ್ಟ ಮಗಳು ಧಾರವಾಡದ ತವರಿಗೆ ಬಂದು ಕೂತಿದ್ದರೆ, ಅರ್ಜಿಯನ್ನು ಧಾರವಾಡದಲ್ಲೇ ಹಾಕಬಹುದು. ರಕ್ಷಣಾ ಆದೇಶ ಮುರಿದವನಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಎಷ್ಟು ಮನೆಗಳ ಮಾತು ಇದು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸುತ್ತಿನಲ್ಲಿ ಅದು ಶೇ 20.6 ಇತ್ತು. ಏರಿದ್ದು ಹೊಡೆತವೋ ಹೇಳುವ ಧೈರ್ಯವೋ, ಎರಡೂ ಇರಬಹುದು. ದೇಶದ ಲೆಕ್ಕದಲ್ಲಿ ಹಿಂಸೆ ಉಂಡವರ ಪೈಕಿ ನೆರವು ಕೇಳಿದವರು ಶೇ 14 ಮಾತ್ರ. ಉಳಿದವರು ಕೇಳಲಿಲ್ಲ. ಅವರಲ್ಲಿ ಎಷ್ಟೋ ಜನರಿಗೆ ಪಡಸಾಲೆಯಲ್ಲಿ ಹಿರಿಯರೊಬ್ಬರು ‘ಕಿರಕೋಳ’ ಎಂದಿರಬೇಕು. ಹಿರಿದು-ಕಿರಿದುಗಳನ್ನು ತೂಗುವ ತಕ್ಕಡಿ ಹಿರಿಯರ ಕೈಯಲ್ಲೇ ಇರುತ್ತದೆ.

ಆ ಹುಡುಗಿಗೆ ವಕೀಲರು ಮೊದಲು ಕೇಳಿದ್ದು ಗಾಯವನ್ನಲ್ಲ, ತಾರೀಖುಗಳನ್ನು. ಯಾವ ದಿನ ತಾಟು ಒಗೆದದ್ದು, ಯಾವ ತಿಂಗಳಿಂದ ಪಗಾರ ಕಸಿದದ್ದು, ಯಾರು ನೋಡಿದ್ದು. ಆಕೆ ಒಂದು ನೂರು ಪುಟದ ನೋಟ್‌ಬುಕ್ಕು ತಂದು, ನೆನಪಿದ್ದಷ್ಟನ್ನು ಬರೆದು, ಗಂಡನ ಕೈಗೆ ಸಿಗದಂತೆ ಗೆಳತಿಯ ಮನೆಯಲ್ಲಿಟ್ಟಳು. ಒಂದೊಂದು ಸಾಲೂ ಸಣ್ಣದೇ. ಪುಟ ತುಂಬಿದ ಮೇಲೆ ಯಾರೂ ಸಣ್ಣದು ಅನ್ನಲಿಲ್ಲ.

ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಲೆಕ್ಕ ಬರೆಯುವ ಕೆಲಸ ನನ್ನದು. ಬೇಸರವಾಗಿ ಕೊನೆಯ ಸಾಲು ಬಿಟ್ಟರೆ ಬಿಡುತ್ತಿರಲಿಲ್ಲ. “ಕಿರಕೋಳಾ ಬರಿಯೋ ತಮ್ಮಾ,” ಅನ್ನುತ್ತಿದ್ದಳು, “ರೊಕ್ಕ ಹೋಗೂದೆಲ್ಲಾ ಅದರಾಗ.”