ಬೆಂಗ್ರೆ (ಮಂಗಳೂರು)

ಬೆಂಗ್ರೆಯು ದಕ್ಷಿಣ ಕನ್ನಡ ಜಿಲ್ಲೆಯ ಮಂಗಳೂರು ನಗರದ ಪಶ್ಚಿಮದಲ್ಲಿ, ಅರಬ್ಬೀ ಸಮುದ್ರ ಹಾಗೂ ಗುರುಪುರ ನದಿಯ ನಡುವೆ ಇರುವ ಕಿರಿದಾದ ಮರಳಿನ ಪರ್ಯಾಯ ದ್ವೀಪವಾಗಿದೆ. ತಣ್ಣೀರುಬಾವಿ, ಕಸಬಾ ಬೆಂಗ್ರೆ ಮತ್ತು ತೋಟ ಬೆಂಗ್ರೆ ಇಲ್ಲಿನ ಮುಖ್ಯ ಜನವಸತಿಗಳು. ಕರಾವಳಿಯ ಬೇರೆ ಮರಳುದಿಣ್ಣೆಗಳಿಗೂ ಇದೇ ಹೆಸರಿದೆ. ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆ ಅದಕ್ಕೊಂದು ಉದಾಹರಣೆ.

ಭೂಗೋಳ

ಫಲ್ಗುಣಿ ಎಂದೂ ಕರೆಯಲಾಗುವ ಗುರುಪುರ ನದಿಯು ಕಡಲನ್ನು ಸಮೀಪಿಸಿದರೂ ನೇರವಾಗಿ ಸೇರದೆ, ಕೂಳೂರಿನ ಬಳಿಕ ದಕ್ಷಿಣಕ್ಕೆ ತಿರುಗಿ ಕಡಲಿಗೆ ಸಮಾನಾಂತರವಾಗಿ ಹರಿಯುತ್ತದೆ. ಬೆಂಗ್ರೆಯ ದಕ್ಷಿಣ ತುದಿಯಲ್ಲಿ ಅದು ನೇತ್ರಾವತಿಯನ್ನು ಕೂಡುತ್ತದೆ. ಎರಡೂ ನದಿಗಳಿಗೆ ಒಂದೇ ಅಳಿವೆಬಾಗಿಲು. ನೇತ್ರಾವತಿಯು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಶ್ರೇಣಿಯಲ್ಲಿ ಹುಟ್ಟುತ್ತದೆ. ನದಿಗಳು ತರುವ ಮರಳನ್ನು ಅಲೆಗಳೂ ದಡದುದ್ದಕ್ಕೆ ಸಾಗುವ ಪ್ರವಾಹಗಳೂ ಹರಡುವುದರಿಂದ ಇಂತಹ ದಿಣ್ಣೆಗಳು ರೂಪುಗೊಳ್ಳುತ್ತವೆ. ಮಳೆಗಾಲದ ಅಲೆಗಳು ದಡದ ಮರಳನ್ನು ಕೊಚ್ಚಿಕೊಂಡು ಹೋಗುತ್ತವೆ. ಕಡಲು ಶಾಂತವಾದ ಬಳಿಕ ಅದರಲ್ಲಿ ಬಹುಪಾಲು ಮರಳಿ ಬಂದು ಸೇರುತ್ತದೆ. ಅಳಿವೆಯ ದಕ್ಷಿಣಕ್ಕೆ ಉಳ್ಳಾಲದ ಕೋಟೆಪುರ ಇದೇ ಬಗೆಯ ಮತ್ತೊಂದು ಮರಳುಪಟ್ಟಿಯಾಗಿದೆ.

ಇತಿಹಾಸ

14ನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಮಂಗಳೂರಿಗೆ ಭೇಟಿ ನೀಡಿ ಇಲ್ಲಿನ ಅಳಿವೆಯನ್ನು ಉಲ್ಲೇಖಿಸಿದ್ದಾನೆ. ಬೆಂಗ್ರೆಯ ಮರೆಯಲ್ಲಿದ್ದ ಹಳೆಯ ಬಂದರಿಗೆ ಕಡಲಲೆಗಳ ಹೊಡೆತದಿಂದ ರಕ್ಷಣೆಯಿತ್ತು. ಆದರೆ ಅಳಿವೆಬಾಗಿಲಿನಲ್ಲಿ ಹೂಳು ತುಂಬುತ್ತಿದ್ದ ಕಾರಣ ದೊಡ್ಡ ಹಡಗುಗಳು ಒಳಬರಲಾಗದೆ ಹೊರಗಡಲಿನಲ್ಲಿಯೇ ಲಂಗರು ಹಾಕುತ್ತಿದ್ದವು. ಹೆಂಚು, ಕಾಫಿ ಮೊದಲಾದ ಸರಕುಗಳನ್ನು ಸಣ್ಣ ದೋಣಿಗಳಲ್ಲಿ ಅಲ್ಲಿಗೆ ಸಾಗಿಸಲಾಗುತ್ತಿತ್ತು. ಯುದ್ಧನೌಕೆಗಳು ನದಿಯೊಳಗೆ ನುಗ್ಗದಂತೆ ತಡೆಯಲು ಟಿಪ್ಪು ಸುಲ್ತಾನ್ 1784ರಲ್ಲಿ ಎದುರುದಡದ ಬೋಳೂರಿನಲ್ಲಿ ಕರಿಕಲ್ಲಿನ ಕಾವಲುಗೋಪುರವನ್ನು ಕಟ್ಟಿಸಿದನು. ಇದು ಸುಲ್ತಾನ್ ಬತ್ತೇರಿ ಎಂದು ಪ್ರಸಿದ್ಧವಾಗಿದೆ. ಬಳಿಕ ಉತ್ತರದ ಪಣಂಬೂರಿನಲ್ಲಿ ನೆಲವನ್ನು ಅಗೆದು ಕೃತಕ ಬಂದರನ್ನು ನಿರ್ಮಿಸಲಾಯಿತು. 1974ರ ಮೇ 4ರಂದು ನವಮಂಗಳೂರು ಬಂದರನ್ನು ದೇಶದ ಪ್ರಮುಖ ಬಂದರುಗಳಲ್ಲೊಂದೆಂದು ಘೋಷಿಸಲಾಯಿತು. ಹಳೆಯ ಬಂದರು ಈಗ ಮುಖ್ಯವಾಗಿ ಮೀನುಗಾರಿಕೆಗೂ ಲಕ್ಷದ್ವೀಪದ ಸರಕು ಸಾಗಣೆಗೂ ಬಳಕೆಯಾಗುತ್ತಿದೆ.

ಜನಜೀವನ

ಇಲ್ಲಿ ಮೊಗವೀರರು ಹಾಗೂ ಮುಸ್ಲಿಮರು ಹೆಚ್ಚಿನ ಸಂಖ್ಯೆಯಲ್ಲಿದ್ದು, ಮೀನುಗಾರಿಕೆಯು ಪ್ರಧಾನ ಕಸುಬಾಗಿದೆ. ದಡದಿಂದ ಎಳೆಯುವ ರಂಪಣಿ ಬಲೆಯು ಹಿಂದೆ ಕರಾವಳಿಯಲ್ಲೆಲ್ಲ ಬಳಕೆಯಲ್ಲಿತ್ತು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ನಗರವು ನದಿಯಾಚೆ ಕಣ್ಣಳತೆಯಲ್ಲಿಯೇ ಇದ್ದರೂ ರಸ್ತೆಯ ಮೂಲಕ ಹೋಗಬೇಕಾದರೆ ಕೂಳೂರು ಸೇತುವೆಯನ್ನು ಬಳಸಿ ಸುತ್ತಿಬರಬೇಕು. ಹೀಗಾಗಿ ನಿವಾಸಿಗಳು ಬಂದರಿಗೆ ಹೋಗಿಬರಲು ಕಡವಿನ ದೋಣಿಗಳನ್ನು ಅವಲಂಬಿಸಿದ್ದಾರೆ.

ಕಡಲ್ಕೊರೆತ

ದೋಣಿಗಳ ಸಂಚಾರ ಸುಗಮವಾಗಲೆಂದು ಅಳಿವೆಯ ಎರಡೂ ಬದಿಗಳಲ್ಲಿ ಕಲ್ಲಿನ ಅಲೆತಡೆಗಳನ್ನು ನಿರ್ಮಿಸಲಾಗಿದೆ. ಇಂತಹ ರಚನೆಗಳು ಮರಳಿನ ಸಹಜ ಚಲನೆಯನ್ನು ತಡೆಯುವುದರಿಂದ ಒಂದು ಬದಿಯಲ್ಲಿ ಮರಳು ಶೇಖರವಾಗಿ ಮತ್ತೊಂದೆಡೆ ದಡವು ಕೊರೆಯಬಹುದು. ದಕ್ಷಿಣದ ಉಳ್ಳಾಲವು ದೀರ್ಘಕಾಲದಿಂದ ತೀವ್ರ ಕಡಲ್ಕೊರೆತಕ್ಕೆ ತುತ್ತಾಗಿದ್ದು, ಅಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಕಡಲೊಳಗೆ ಕೃತಕ ದಿಬ್ಬಗಳನ್ನು ನಿರ್ಮಿಸಲಾಗಿದೆ. ಅಳಿವೆಯ ಇಕ್ಕೆಲಗಳ ದಡವೂ ಒಂದೇ ಮರಳಿನ ಹರಿವನ್ನು ಅವಲಂಬಿಸಿರುವುದರಿಂದ, ಒಂದು ದಡದಲ್ಲಿ ಕೈಗೊಳ್ಳುವ ಕಾಮಗಾರಿಯು ಮತ್ತೊಂದು ದಡದ ಮನೆಗಳ ಸುರಕ್ಷತೆಯ ಮೇಲೂ ಪರಿಣಾಮ ಬೀರುತ್ತದೆ.