ಅಳತೆಯ ತಪ್ಪನ್ನೂ ಅಳೆದವರು

ಅಡಿಕೆ ಬೆಳೆಯುವ ಕೊಕ್ಕಡದಂಥ ಊರಿನಲ್ಲಿ ತಕ್ಕಡಿಯ ಮಾತೆಂದರೆ ವರ್ಷವಿಡೀ ಪಟ್ಟ ದುಡಿಮೆಯ ಮಾತು. ಹಿಂದೆ ಅಕ್ಕಿಯನ್ನು ಸೇರು, ಕಳಸೆ, ಮುಡಿಗಳಲ್ಲಿ ಅಳೆಯುತ್ತಿದ್ದಾಗ ಮೂರು ಕಳಸೆಗೆ ಒಂದು ಮುಡಿಯೆಂಬ ಲೆಕ್ಕವನ್ನು ಎಲ್ಲರೂ ಬಲ್ಲವರೇ. ಆದರೂ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸರಿಯಾಗುವುದೆಂಬ ಭರವಸೆಯಿರಲಿಲ್ಲ. 1956ರ ತೂಕ ಮತ್ತು ಅಳತೆಗಳ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ಜಾರಿಗೆ ಬಂದು ಈ ಗೊಂದಲ ಕ್ರಮೇಣ ತೀರಿತು. ಆದರೆ ಮಾನ ಒಂದೇ ಆದ ಮಾತ್ರಕ್ಕೆ ಅಳತೆಯ ತಪ್ಪು ಇಲ್ಲವಾಯಿತೇ? ಖಂಡಿತ ಇಲ್ಲ. ಎಷ್ಟು ಜಾಗರೂಕತೆಯಿಂದ ಅಳೆದರೂ ತುಸು ತಪ್ಪು ಉಳಿದೇ ಉಳಿಯುತ್ತದೆ. ಅದನ್ನು ಗುರುತಿಸಿ, ಅದರ ಗಾತ್ರವೆಷ್ಟೆಂದು ಹೇಳುವುದೇ ಒಂದು ಶಾಸ್ತ್ರ. ಆ ಶಾಸ್ತ್ರದ ಒಂದು ಮಹಾ ಪ್ರಯೋಗ ನಡೆದುದು ನಮ್ಮ ಕನ್ನಡ ನೆಲದ ಮೇಲೆಯೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಒಂದು ಯೋಜನೆಯನ್ನು ಸರಕಾರದ ಮುಂದಿಟ್ಟನು. ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿನವರೆಗೆ ನೆಲವನ್ನೆಲ್ಲ ತ್ರಿಕೋನಗಳ ಜಾಲದಿಂದ ಅಳೆಯಬೇಕೆಂಬುದೇ ಆ ಯೋಜನೆ. ತ್ರಿಕೋನದ ಒಂದು ಬದಿಯ ಉದ್ದವೂ ಕೋನಗಳೂ ತಿಳಿದರೆ ಉಳಿದೆರಡು ಬದಿಗಳನ್ನು ಗಣಿತದಿಂದ ಪಡೆಯಬಹುದು. ಆದ್ದರಿಂದ ಮೊದಲಿನ ಒಂದು ಗೆರೆಯನ್ನು ಮಾತ್ರ ನೆಲದ ಮೇಲೆ ಅತ್ಯಂತ ನಿಖರವಾಗಿ ಅಳೆದರೆ ಸಾಕು. ಇಂಥ ಆಧಾರರೇಖೆಯೊಂದನ್ನು 1800ರಲ್ಲಿ ಬೆಂಗಳೂರಿನ ಬಳಿ ಅಳೆಯಲಾಯಿತು. 1802ರಲ್ಲಿ ಮದರಾಸಿನಲ್ಲಿ ಸುಮಾರು ಏಳೂವರೆ ಮೈಲಿಯ ಇನ್ನೊಂದನ್ನು ಅಳೆದರು.

ಅಳೆಯುವ ಸಾಧನವೆಂದರೆ ನೂರು ಅಡಿಯ ಉಕ್ಕಿನ ಸರಪಣಿ. ಎರಡೂವರೆ ಅಡಿಯ ನಲವತ್ತು ಸರಳುಗಳನ್ನು ಕೂಡಿಸಿ ಅದನ್ನು ಮಾಡಿದ್ದರು. ಉಕ್ಕು ಬಿಸಿಲಿಗೆ ಹಿಗ್ಗುತ್ತದಷ್ಟೆ. ಒಂದು ಡಿಗ್ರಿ ಫಾರನ್‌ಹೀಟ್ ತಾಪ ಏರಿದರೆ ಆ ಸರಪಣಿ ಒಂದು ಅಂಗುಲದ ಸಾವಿರದ ಏಳು ಭಾಗಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆ. ಇದೇನು ಮಹಾ ಎನ್ನಬಹುದು. ಆದರೆ ಇಪ್ಪತ್ತು ಡಿಗ್ರಿ ಏರಿ, ಏಳೂವರೆ ಮೈಲಿಗೆ ಸರಪಣಿಯನ್ನು ಸುಮಾರು ನಾನೂರು ಸಲ ಹಾಸಿದಾಗ ತಪ್ಪು ಐದು ಅಡಿಯಷ್ಟಾಗುತ್ತದೆ! ಸರಪಣಿ ಉದ್ದವಾದಷ್ಟೂ ನೆಲ ಗಿಡ್ಡವಾಗಿ ಕಾಣುತ್ತದೆ. ಅದಕ್ಕಾಗಿಯೇ ಲ್ಯಾಂಬ್ಟನ್ನನು ಸರಪಣಿಗೆ ಬಿಸಿಲು ತಾಗದಂತೆ ಮರೆಮಾಡಿ, ಅದರ ಬದಿಯಲ್ಲಿ ತಾಪಮಾಪಕಗಳನ್ನಿರಿಸಿ, ಪ್ರತಿ ಹಾಸಿಗೂ ತಾಪವನ್ನು ಬರೆದುಕೊಳ್ಳುವ ಕ್ರಮವನ್ನಿಟ್ಟುಕೊಂಡನು.

ಇಲ್ಲಿ ತಪ್ಪುಗಳ ಎರಡು ಜಾತಿಗಳನ್ನು ಬೇರ್ಪಡಿಸಿ ನೋಡಬೇಕು. ಸರಪಣಿಯ ತುದಿಯನ್ನು ಗುರುತಿಗೆ ಹೊಂದಿಸುವಾಗ ಕೈ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹೋಗುತ್ತದೆ. ಪ್ರತಿ ಸಲ ಅಂಗುಲದ ನೂರನೆಯ ಒಂದಂಶ ಆಚೀಚೆಯಾದರೆ, ನಾನೂರು ಸಲ ಸೇರಿ ನಾಲ್ಕು ಅಂಗುಲವಾಗುವುದಿಲ್ಲ. ಒಂದನ್ನೊಂದು ತಿಂದುಹಾಕಿ ಅಂಗುಲದ ಐದನೆಯ ಒಂದಂಶದಷ್ಟೇ ಉಳಿಯುತ್ತದೆ. ನಾನೂರರ ವರ್ಗಮೂಲ ಇಪ್ಪತ್ತು ತಾನೆ? ಆದರೆ ಬಿಸಿಲಿನ ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ. ಎಷ್ಟು ಸಲ ಅಳೆದರೂ ತಾನಾಗಿ ತೀರದೆ ಕೂಡುತ್ತಲೇ ಹೋಗುತ್ತದೆ. ಮೊದಲನೆಯದಕ್ಕೆ ಪದೇ ಪದೇ ಅಳೆಯುವುದೇ ಮದ್ದು. ಎರಡನೆಯದರ ಕಾರಣವನ್ನೇ ಹುಡುಕಿ ಲೆಕ್ಕದಿಂದ ಕಳೆಯಬೇಕು.

ಕಳೆದದ್ದು ಸರಿಯೇ ಎಂದು ತಿಳಿಯುವುದು ಹೇಗೆ? ಬೇರೊಂದು ದಾರಿಯಿಂದ ಬಂದು ಹೋಲಿಸಿ ನೋಡಬೇಕು. 1804ರಲ್ಲಿ ಬೆಂಗಳೂರಿನಲ್ಲಿ ಹೊಸದಾಗಿ ಆಧಾರರೇಖೆಯನ್ನು ಅಳೆದರು. ಅದೇ ರೇಖೆಯ ಉದ್ದವನ್ನು ಮದರಾಸಿನಿಂದ ಬಂದ ತ್ರಿಕೋನಗಳ ಮೂಲಕವೂ ಗಣಿಸಿದ್ದರು. ಏಳು ಮೈಲಿಗೂ ಮೀರಿದ ಆ ಉದ್ದದಲ್ಲಿ ಎರಡಕ್ಕೂ ಬಿದ್ದ ಅಂತರ ಕೇವಲ 3.7 ಅಂಗುಲ! ಈ ಅಂತರವನ್ನು ಮುಚ್ಚಿಡದೆ ಹೇಳಿದ್ದರಿಂದಲೇ ಮುಂದಿನ ಅಳತೆಗೆ ಬೆಲೆ ಬಂದಿತು. ಮುಂದೆ ಈ ತ್ರಿಕೋನಗಳು ಘಟ್ಟವನ್ನಿಳಿದು ನಮ್ಮ ಕರಾವಳಿಯನ್ನು ಮುಟ್ಟಿದವು. ಮದರಾಸಿನಿಂದ ಮಂಗಳೂರಿಗೆ ಸುಮಾರು 360 ಮೈಲಿಯೆಂದು ತಿಳಿದುಬಂತು. ಅದುವರೆಗಿನ ನಕ್ಷೆಗಳು ಇದನ್ನು ನಲವತ್ತು ಮೈಲಿಯಷ್ಟು ಹಿಗ್ಗಿಸಿ ತೋರಿಸಿದ್ದವು. ಆ ನಕ್ಷೆಗಳಲ್ಲಿಯೂ ಅಂಕಿಗಳಿದ್ದವು. ಆದರೆ ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ಹೇಳುವ ಆಧಾರವಿರಲಿಲ್ಲ.

ಇದೇ ದಶಕದಲ್ಲಿ, 1805ರಲ್ಲಿ ಫ್ರಾನ್ಸಿನ ಲೆಜಾಂಡ್ರನೂ 1809ರಲ್ಲಿ ಜರ್ಮನಿಯ ಗೌಸನೂ ಅಳತೆಗಳ ಅಂತರವನ್ನು ಹೊಂದಿಸುವ ಗಣಿತವನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಈ ವಿಚಾರ ಕಾರ್ಖಾನೆಯ ಒಳಗೂ ಕಾಲಿಟ್ಟಿತು. ನೂರು ಮಿಲಿಮೀಟರ್ ಉದ್ದದ ಉಕ್ಕಿನ ತುಂಡು ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಮಿಲಿಮೀಟರಿನ ನೂರನೆಯ ಒಂದಂಶಕ್ಕೂ ಹೆಚ್ಚು ಬೆಳೆಯುತ್ತದೆ. ಯಂತ್ರದ ಕೀಲು ಸಿಕ್ಕಿಕೊಳ್ಳಲು ಕೆಲವು ಕಡೆ ಅಷ್ಟೇ ಸಾಕು. ಆದ್ದರಿಂದಲೇ 1931ರಲ್ಲಿ ಉದ್ದದ ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ತಾಪವನ್ನು ಲೋಕಕ್ಕೆಲ್ಲ ಒಂದೇ ಎಂದು ಗೊತ್ತುಮಾಡಿದರು. ಲ್ಯಾಂಬ್ಟನ್ನನು ಸರಪಣಿ ಹಾಸಿದ ಬೆಂಗಳೂರಿನಲ್ಲಿಯೇ 1953ರಲ್ಲಿ ಹಿಂದೂಸ್ಥಾನ್ ಮಷೀನ್ ಟೂಲ್ಸ್ ಕಾರ್ಖಾನೆ ಹುಟ್ಟಿತು. 1962ರಲ್ಲಿ ಯಂತ್ರೋಪಕರಣಗಳ ಕೇಂದ್ರೀಯ ಸಂಸ್ಥೆಯೂ ಸ್ಥಾಪಿತವಾಯಿತು. ತಪ್ಪು ಬೇರೆ, ಅನಿಶ್ಚಯತೆ ಬೇರೆ ಎಂಬ ವಿವೇಕವನ್ನು 1993ರಲ್ಲಿ ಅಂತರರಾಷ್ಟ್ರೀಯ ಮಾರ್ಗದರ್ಶಿಯೊಂದು ಕ್ರಮಬದ್ಧಗೊಳಿಸಿತು. ತಿಳಿದ ತಪ್ಪನ್ನು ತಿದ್ದಬಹುದು; ತಿದ್ದಿದ ಮೇಲೂ ಉಳಿಯುವ ಸಂದೇಹದ ಅಗಲವೇ ಅನಿಶ್ಚಯತೆ. ಅದನ್ನು ಅಂಕಿಯ ಜೊತೆಗೇ ಬರೆಯಬೇಕು.

ಈ ಶಾಸ್ತ್ರ ಪಂಡಿತರಿಗೆ ಮಾತ್ರವೆಂದು ಭಾವಿಸಬೇಕಾಗಿಲ್ಲ. ಹತ್ತು ಕಿಲೋ ಅಡಿಕೆಗೆ ಐವತ್ತು ಗ್ರಾಂ ಕಡಮೆ ತೋರಿಸುವ ತಕ್ಕಡಿಯಲ್ಲಿ ನೂರು ಸಲ ತೂಗಿದರೆ ಐದು ಕಿಲೋ ಹೋಯಿತು. ಮತ್ತೆ ಮತ್ತೆ ತೂಗಿದರೂ ಅದು ಮರಳಿ ಬರುವುದಿಲ್ಲ. ದಂಡಿಗೆಯ ತಕ್ಕಡಿಯಾದರೆ ಸರಕನ್ನೂ ತೂಕದ ಕಲ್ಲನ್ನೂ ತಟ್ಟೆ ಬದಲಿಸಿ ನೋಡಿದರಾಯಿತು. ತೋಳುಗಳು ಸಮವಲ್ಲದಿದ್ದರೆ ಕೂಡಲೆ ಗೊತ್ತಾಗುತ್ತದೆ. ವಿದ್ಯುತ್ ತಕ್ಕಡಿಯಾದರೆ ಮುದ್ರೆಯಿರುವ ತೂಕವೊಂದನ್ನು ಇಟ್ಟು ನೋಡಬೇಕು. ಬೆಳೆದವನು ಹೀಗೆ ಕೇಳಿದರೆ ಅದು ಅಪನಂಬಿಕೆಯಲ್ಲ. ಪ್ರಾಮಾಣಿಕನಾದ ವ್ಯಾಪಾರಿಗೂ ಅದರಿಂದ ಗೌರವವೇ.