ಪಪ್ಪಾಯಿ ಹಾಲಿನಿಂದ ಇನ್ಸುಲಿನ್‌ವರೆಗೆ: ಫಾಸ್ಫೇಟ್ ಬಂಧದ ಚರಿತ್ರೆಯಲ್ಲಿ ಹೊಸೂರು ರಸ್ತೆ

ಬೆಂಗಳೂರಿನ ಜೈವಿಕ ತಂತ್ರಜ್ಞಾನದ ಚರಿತ್ರೆಯನ್ನು ಬಂಡವಾಳದ, ಉದ್ಯಮಿಗಳ ಕತೆಯಾಗಿ ಬರೆಯುವುದೇ ರೂಢಿ. ಹೊಸೂರು ರಸ್ತೆಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಆಸುಪಾಸಿನ ಹೆಬ್ಬಗೋಡಿ, ಬೊಮ್ಮಸಂದ್ರಗಳಲ್ಲಿ ನೆಲೆಯೂರಿದ ಬಯೋಕಾನ್‌ನ ಉತ್ಪನ್ನಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ, ಜೀವಕೋಶದ ಶಕ್ತಿಯ ಲೆಕ್ಕಾಚಾರವೂ ಆ ಚರಿತ್ರೆಯ ಭಾಗವೆಂದು ತಿಳಿಯುತ್ತದೆ. 1978ರಲ್ಲಿ ಆರಂಭವಾದ ಈ ಸಂಸ್ಥೆಯ ಮೊದಲ ಉತ್ಪನ್ನಗಳಲ್ಲಿ ಪಪ್ಪಾಯಿ ಹಾಲಿನಿಂದ ತೆಗೆಯುವ ಪಪೇನ್ ಕಿಣ್ವವೂ ಒಂದು. 2004ರಲ್ಲಿ ಅದು ಯೀಸ್ಟ್‌ನಲ್ಲಿ ತಯಾರಿಸಿದ ಮಾನವ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ಪಪೇನ್ ಪ್ರೋಟೀನಿನ ಪೆಪ್ಟೈಡ್ ಬಂಧಗಳನ್ನು ನೀರಿನ ನೆರವಿನಿಂದ ಕತ್ತರಿಸುತ್ತದೆ. ಅದಕ್ಕೆ ಹೊರಗಿನ ಶಕ್ತಿ ಬೇಕಿಲ್ಲ. ಇನ್ಸುಲಿನ್ ತಯಾರಾಗಲು ಅದೇ ಬಂಧಗಳನ್ನು ಒಂದೊಂದಾಗಿ ಕಟ್ಟಬೇಕು. ಆ ಖರ್ಚನ್ನು ಜೀವಕೋಶ ತನ್ನ ಶಕ್ತಿವಾಹಕ ಅಣುವಾದ ಎಟಿಪಿಯ (ಅಡೆನೋಸಿನ್ ಟ್ರೈಫಾಸ್ಫೇಟ್) ಮೂಲಕ ತೆರುತ್ತದೆ.

ಎಟಿಪಿಯ ಶೋಧದಲ್ಲಿ ನಮ್ಮ ನೆರೆನಾಡಿನವರ ಪಾಲು ದೊಡ್ಡದು. 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಕೀಯ ಓದಿದ ಯಲ್ಲಾಪ್ರಗಡ ಸುಬ್ಬರಾವ್ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆಗೂಡಿ 1925ರಲ್ಲಿ ರಂಜಕವನ್ನು ಅಳೆಯುವ ವಿಧಾನವೊಂದನ್ನು ರೂಪಿಸಿದರು. ಫಾಸ್ಫೇಟ್ ಇರುವ ದ್ರಾವಣಕ್ಕೆ ಮಾಲಿಬ್ಡೇಟ್ ಮತ್ತು ಅಪಕರ್ಷಕ ಸೇರಿಸಿದರೆ ನೀಲಿ ಬಣ್ಣ ಬರುತ್ತದೆ. ಆದರೆ ಸ್ನಾಯುವಿನ ಸಾರದಲ್ಲಿ ಆ ನೀಲಿ ತಡವಾಗಿ ಏರಿತು. ಇದನ್ನು ಅಳತೆಯ ದೋಷವೆಂದು ಅವರು ತಳ್ಳಿಹಾಕಲಿಲ್ಲ. ಆಮ್ಲದಲ್ಲಿ ನಿಧಾನವಾಗಿ ಒಡೆದು ಫಾಸ್ಫೇಟ್ ಬಿಟ್ಟುಕೊಡುವ ಸಂಯುಕ್ತವೊಂದು ಅಲ್ಲಿತ್ತು: ಫಾಸ್ಫೋಕ್ರಿಯೇಟಿನ್. ಆ ಶೋಧ 1927ರಲ್ಲಿ ಪ್ರಕಟವಾಯಿತು. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಮತ್ತು ಈ ಜೋಡಿ ಪ್ರತ್ಯೇಕವಾಗಿ ಎಟಿಪಿಯನ್ನು ಕಂಡುಹಿಡಿದರು. ಬಣ್ಣ ತಡವಾದದ್ದನ್ನು ಗಮನಿಸಿದ ಆ ಕಣ್ಣಿಗೆ ನಮ್ಮ ಪಠ್ಯಗಳು ಇನ್ನೂ ತಕ್ಕ ಗೌರವ ಕೊಟ್ಟಿಲ್ಲ ಎಂಬುದು ನನ್ನ ಅಭಿಪ್ರಾಯ.

1941ರಲ್ಲಿ ಫ್ರಿಟ್ಜ್ ಲಿಪ್‌ಮನ್ ಇವನ್ನೆಲ್ಲ ಒಂದೇ ಚೌಕಟ್ಟಿಗೆ ತಂದು, ಅಧಿಕ ಶಕ್ತಿಯ ಫಾಸ್ಫೇಟ್ ಬಂಧವನ್ನು ಅಂಕುಡೊಂಕು ಗೆರೆಯಿಂದ ಗುರುತಿಸಿದರು. ಬಂಧದೊಳಗೆ ಶಕ್ತಿ ಅಡಗಿ ಕೂತಿರುತ್ತದೆ ಎಂದು ಇದರ ಅರ್ಥವಲ್ಲ. ಯಾವ ಬಂಧವನ್ನು ಮುರಿಯಲೂ ಶಕ್ತಿ ಬೇಕೇ ಬೇಕು. ಎಟಿಪಿಯಲ್ಲಿ ಒತ್ತೊತ್ತಾಗಿರುವ ಋಣ ವಿದ್ಯುದಂಶಗಳು ಬೇರ್ಪಟ್ಟು, ಉತ್ಪನ್ನಗಳು ನೀರಿನಲ್ಲಿ ಹೆಚ್ಚು ಸ್ಥಿರವಾಗುವುದರಿಂದ ಒಟ್ಟು ಲೆಕ್ಕದಲ್ಲಿ ಮೋಲ್‌ಗೆ ಸುಮಾರು 30.5 ಕಿಲೋಜೂಲ್ ಮುಕ್ತ ಶಕ್ತಿ ದೊರೆಯುತ್ತದೆ. ಜೀವಕೋಶ ಅದನ್ನು ಬಿಸಿಯಾಗಿ ಕಳೆದುಕೊಳ್ಳದೆ ಫಾಸ್ಫೇಟನ್ನು ನೇರವಾಗಿ ಇನ್ನೊಂದು ಅಣುವಿಗೆ ವರ್ಗಾಯಿಸುತ್ತದೆ. ಗ್ಲೂಕೋಸ್‌ಗೆ ಬಿಡಿ ಫಾಸ್ಫೇಟ್ ಜೋಡಿಸಲು 13.8 ಕಿಲೋಜೂಲ್ ಬೇಕು. ಎಟಿಪಿಯಿಂದ ಪಡೆದರೆ ಅದೇ ಕ್ರಿಯೆ 16.7 ಕಿಲೋಜೂಲ್ ಉಳಿಸಿಕೊಂಡು ಮುಂದೆ ಸಾಗುತ್ತದೆ.

ಎಲೆಕ್ಟ್ರಾನ್‌ಗಳನ್ನು ಹಂತಹಂತವಾಗಿ ಆಮ್ಲಜನಕಕ್ಕೆ ಸಾಗಿಸಿ ಎಟಿಪಿ ಹುಟ್ಟಿಸುವ ಉಸಿರಾಟ ಸರಪಳಿಯ ಅಧ್ಯಯನಕ್ಕೂ ಬೆಂಗಳೂರಿನ ನಂಟಿದೆ. ಹೆಣ್ಣೆಂಬ ಕಾರಣಕ್ಕೆ ಸಿ.ವಿ. ರಾಮನ್ ಮೊದಲು ಪ್ರವೇಶ ನಿರಾಕರಿಸಿದ ಕಮಲಾ ಭಾಗವತ್ (ಮುಂದೆ ಸೊಹೊನಿ) ಹಟ ಹಿಡಿದು 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ನಂತರ ಕೇಂಬ್ರಿಜ್‌ನಲ್ಲಿ ಆಲೂಗಡ್ಡೆಯ ಮೇಲೆ ಕೆಲಸ ಮಾಡಿ, ಆ ಸರಪಳಿಯ ಸೈಟೋಕ್ರೋಮ್ ಸಿ ಸಸ್ಯಗಳಲ್ಲೂ ಇದೆಯೆಂದು ತೋರಿಸಿ, 1939ರಲ್ಲಿ ಪಿಎಚ್‌ಡಿ ಪಡೆದರು.

ಈಗ ಇನ್ಸುಲಿನ್‌ನ ಖರ್ಚಿನ ಲೆಕ್ಕಕ್ಕೆ ಮರಳೋಣ. ಅದರಲ್ಲಿ 51 ಅಮೈನೋ ಆಮ್ಲಗಳಿವೆ. ಪ್ರತಿಯೊಂದನ್ನು ಆರ್‌ಎನ್‌ಎ ವಾಹಕಕ್ಕೆ ಕೂಡಿಸಲು ಎರಡು, ರೈಬೋಸೋಮಿನಲ್ಲಿ ಸರಪಳಿಗೆ ಸೇರಿಸಲು ಎರಡು ಅಧಿಕ ಶಕ್ತಿಯ ಬಂಧಗಳು ಖರ್ಚಾಗುತ್ತವೆ. ಅಂದರೆ ಒಂದು ಅಣುವಿಗೆ 200ಕ್ಕೂ ಹೆಚ್ಚು. ಆಮೇಲೆ ಕತ್ತರಿಸಿ ತೆಗೆಯುವ ಭಾಗಗಳ ಖರ್ಚು ಬೇರೆ.

ಬಯೋಕಾನ್ ಆರಿಸಿಕೊಂಡ ಪೀಕಿಯಾ ಪಾಸ್ಟೋರಿಸ್ ಯೀಸ್ಟ್ ಮೆಥನಾಲ್ ಉಂಡು ಬದುಕಬಲ್ಲದು. ಆದರೆ ಮೆಥನಾಲ್‌ನ ಮೊದಲ ಉತ್ಕರ್ಷಣೆ ಪೆರಾಕ್ಸಿಸೋಮ್ ಎಂಬ ಕೋಶಾಂಗದಲ್ಲಿ ನಡೆಯುತ್ತದೆ. ಅಲ್ಲಿ ಎಲೆಕ್ಟ್ರಾನ್‌ಗಳು ಉಸಿರಾಟ ಸರಪಳಿಯನ್ನು ಹಾಯದೆ ನೇರ ಆಮ್ಲಜನಕಕ್ಕೆ ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಉಂಟಾಗುತ್ತದೆ. ಎಟಿಪಿ ಒಂದೂ ಸಿಗುವುದಿಲ್ಲ. ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಹಾಗಾಗಿ ಪೀಕಿಯಾ ಬೆಳೆಸುವ ದೊಡ್ಡ ಫರ್ಮೆಂಟರ್‌ಗಳಲ್ಲಿ ಯೀಸ್ಟಿಗೆ ಸಾಕಷ್ಟು ಆಮ್ಲಜನಕ ಒದಗಿಸುವುದು, ಶಾಖವನ್ನು ಹೊರಗೆಳೆಯುವುದು ಎಂಜಿನಿಯರರ ಮುಖ್ಯ ತಲೆನೋವು. ಮೆಥನಾಲನ್ನು ನಿಧಾನವಾಗಿ ಬಳಸುವ ತಳಿಗಳನ್ನು ಆರಿಸುವುದು, ಜೊತೆಗೆ ಸಾರ್ಬಿಟಾಲ್ ಉಣಿಸುವುದು ಈ ಕ್ಷೇತ್ರದಲ್ಲಿ ಕಂಡುಕೊಂಡ ಉಪಾಯಗಳು: ಸಾರ್ಬಿಟಾಲ್‌ನ ಎಲೆಕ್ಟ್ರಾನ್‌ಗಳು ಉಸಿರಾಟ ಸರಪಳಿಯ ಮೂಲಕವೇ ಸಾಗಿ ಎಟಿಪಿ ಕೊಡುತ್ತವೆ.